ಸುಣ್ಣದಿಂದ ಗುತ್ತಿಗೆಗೆ: ಹೈದರಾಬಾದಿನಲ್ಲಿ ಮನೆಗೆ ಬಣ್ಣ ಬಳಿಸುವ ವ್ಯವಸ್ಥೆಯ ಚರಿತ್ರೆ

ಹೈದರಾಬಾದಿನ ಕಟ್ಟಡಗಳ ಚರಿತ್ರೆ ಬರೆದವರು ಅಲ್ಲಿನ ಕಮಾನು, ಗುಮ್ಮಟ, ಮಿನಾರುಗಳನ್ನು ವಿವರವಾಗಿ ದಾಖಲಿಸಿದ್ದಾರೆ. ಆದರೆ ಆ ನಗರದ ಗೋಡೆಗಳ ಮೇಲೆ ವರ್ಷವರ್ಷವೂ ಬಿದ್ದ ಸುಣ್ಣದ ಬಗೆಗೆ, ಅದನ್ನು ಬಳಿದವರ ಬಗೆಗೆ, ಅವರನ್ನು ಕೆಲಸಕ್ಕೆ ಗೊತ್ತುಮಾಡಿಕೊಳ್ಳುತ್ತಿದ್ದ ಕ್ರಮದ ಬಗೆಗೆ ಬರೆದದ್ದು ಕಡಿಮೆ. ಮನೆಗೆ ಬಣ್ಣ ಬಳಿಸುವುದು ಇಂದು ಅಂದಾಜುಪಟ್ಟಿ, ಚದರ ಅಡಿಯ ದರ, ಮುಂಗಡ, ಖಾತರಿ ಮೊದಲಾದ ಮಾತುಗಳ ವ್ಯವಹಾರವಾಗಿದೆ. ಈ ವ್ಯವಹಾರ ಒಮ್ಮೆಲೇ ಹುಟ್ಟಿದ್ದಲ್ಲ. ಗೋಡೆಗೆ ಬಳಿಯುವ ವಸ್ತು ಬದಲಾದಂತೆಲ್ಲ ಬಳಿಯುವವನಿಗೂ ಬಳಿಸುವವನಿಗೂ ನಡುವಿನ ಸಂಬಂಧ ಬದಲಾಯಿತು. ಸುಣ್ಣವು ರೂಢಿಯ ಸಂಬಂಧವನ್ನು ಬೆಳೆಸಿದರೆ, ಸರ್ಕಾರದ ಕಟ್ಟಡಗಳು ಅಳತೆಯ ಲೆಕ್ಕವನ್ನು ತಂದವು, ಕಾರ್ಖಾನೆಯ ಬಣ್ಣವು ಗುತ್ತಿಗೆದಾರನನ್ನು ಮನೆಬಾಗಿಲಿಗೆ ತಂದಿತು. ಈ ಮೂರು ಘಟ್ಟಗಳನ್ನು ಕ್ರಮವಾಗಿ ನೋಡಿದಾಗ, ಇಂದಿನ ಗುತ್ತಿಗೆಯಲ್ಲಿ ಯಾವುದು ಗಳಿಕೆ, ಯಾವುದು ನಷ್ಟ ಎಂಬುದು ಸ್ಪಷ್ಟವಾಗುತ್ತದೆ.

ಗಾರೆಯ ನಗರ

ಮುಹಮ್ಮದ್ ಕುಲಿ ಕುತುಬ್ ಷಾಹ 1591ರಲ್ಲಿ ಮೂಸಿ ನದಿಯ ದಕ್ಷಿಣಕ್ಕೆ ಹೊಸ ನಗರವನ್ನು ಸ್ಥಾಪಿಸಿದಾಗ ಸುತ್ತಲ ಬಂಡೆಗಳು ಬೇಕಾದಷ್ಟು ಕಣಶಿಲೆಯನ್ನು ಒದಗಿಸಿದವು; ಆದರೆ ಕಟ್ಟಡದ ಹೊರಮೈಗೆ ರೂಪ ಕೊಟ್ಟದ್ದು ಕಲ್ಲಿಗಿಂತ ಹೆಚ್ಚಾಗಿ ಸುಣ್ಣ. ಚಾರ್‌ಮಿನಾರಿನ ಹೂಬಳ್ಳಿಗಳಾಗಲಿ, ಗೋಲ್ಕೊಂಡದ ಬಳಿಯ ಕುತುಬ್ ಷಾಹಿ ಗೋರಿಗಳ ಅಂಚುಪಟ್ಟಿಗಳಾಗಲಿ, ಅನಂತರದ ಕಾಲದ ಪಾಯ್ಗಾ ಮನೆತನದ ಗೋರಿಗಳ ಸೂಕ್ಷ್ಮ ಕೆಲಸವಾಗಲಿ, ಇವೆಲ್ಲ ಬಹುಪಾಲು ಗಾರೆಯಲ್ಲಿ, ಅಂದರೆ ಸುಣ್ಣ ಮತ್ತು ಮರಳನ್ನು ಅರೆದು ಮಾಡಿದ ಲೇಪದಲ್ಲಿ ಮೂಡಿದವು. ಬಾದ್‌ಷಾಹಿ ಆಶೂರ್‌ಖಾನೆಯ ಬಣ್ಣಬಣ್ಣದ ಮೆರುಗು ಹೆಂಚುಗಳಂಥ ಅಲಂಕಾರ ಅಪರೂಪದ್ದಾಗಿತ್ತು; ನಗರದ ಸಾಮಾನ್ಯ ಮೈಬಣ್ಣ ಸುಣ್ಣದ ಬಿಳುಪೇ ಆಗಿತ್ತು.

ಈ ವಸ್ತುವಿನ ಸ್ವಭಾವವನ್ನು ತಿಳಿಯದೆ ಅದರ ಸುತ್ತ ಬೆಳೆದ ಕಸುಬನ್ನು ತಿಳಿಯಲಾಗದು. ಸುಣ್ಣಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸುಟ್ಟಾಗ ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅದು ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ಮತ್ತೆ ಹೀರಿಕೊಂಡು ತೆಳುವಾದ ಕಲ್ಲಿನ ಪದರವಾಗುತ್ತದೆ. ಗಾರೆಗೆ ಬೇಕಾದ ಸುಣ್ಣವನ್ನು ಎತ್ತು ಎಳೆಯುವ ಕಲ್ಲುಚಕ್ರದ ಗಾಣದಲ್ಲಿ ಮರಳಿನೊಡನೆ ಅರೆಯುತ್ತಿದ್ದರು. ಅಂಟು ಬರಲು, ಬಿರುಕು ಬಿಡದಿರಲು, ನೀರು ತಡೆಯಲು ಬೆಲ್ಲ, ಅಳಲೆಕಾಯಿಯ ನೀರು, ಬಿಲ್ವದ ಹಣ್ಣಿನ ತಿರುಳು, ಉದ್ದಿನ ಹಿಟ್ಟು ಮೊದಲಾದವನ್ನು ಸೇರಿಸುವುದು ದಖ್ಖನಿನ ಕಟ್ಟಡಗಾರರಿಗೆ ತಲೆಮಾರುಗಳಿಂದ ಬಂದ ತಿಳಿವಳಿಕೆಯಾಗಿತ್ತು. ಯಾವ ಮಣ್ಣಿನ ಗೋಡೆಗೆ ಎಷ್ಟು ತೆಳುವಾದ ಸುಣ್ಣ, ಮಳೆಗಾಲ ಮುಗಿದ ಎಷ್ಟು ದಿನಕ್ಕೆ ಗೋಡೆ ಒಣಗುತ್ತದೆ ಎಂಬುದೆಲ್ಲ ಕೈಯಿಂದ ಕೈಗೆ ದಾಟಿದ ವಿದ್ಯೆಯೇ ಹೊರತು ಬರಹದಲ್ಲಿ ಇದ್ದದ್ದಲ್ಲ.

ಈ ಪರಂಪರೆಯ ಬೇರು ಹೈದರಾಬಾದಿಗಿಂತ ಹಿಂದಿನದು. ಬೀದರಿನ ಹತ್ತಿರ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನ ಅಹಮದ್ ಷಾಹ ವಲಿಯ ಗೋರಿಯ ಒಳಮೈ ಚಿನ್ನ ಮತ್ತು ಗಾಢವರ್ಣಗಳ ಚಿತ್ತಾರದಿಂದ ತುಂಬಿದ್ದು, ಆ ಕೆಲಸ ಮಾಡಿದ ಕಜ್ವೀನಿನ ಶುಕ್ರುಲ್ಲಾನ ಹೆಸರು ಅಲ್ಲಿಯೇ ಉಳಿದಿದೆ. ಆಸ್ಥಾನದ ಚಿತ್ರಕಾರನಿಗೆ ಹೀಗೆ ಹೆಸರು ಬರೆಯುವ ಅವಕಾಶವಿತ್ತು. ಅದೇ ಗೋಡೆಗಳ ಹೊರಮೈಗೆ ಸುಣ್ಣ ಬಳಿದವರ ಹೆಸರುಗಳು ಎಲ್ಲಿಯೂ ಇಲ್ಲ. ಒಬ್ಬನ ಕೆಲಸ ಶತಮಾನಗಳ ಕಾಲ ನಿಲ್ಲಲೆಂದು ಮಾಡಿದ್ದು, ಇನ್ನೊಬ್ಬನದು ಮುಂದಿನ ಮಳೆಗೆ ತೊಳೆದುಹೋಗುವುದೆಂದು ಗೊತ್ತಿದ್ದೇ ಮಾಡಿದ್ದು. ಈ ವ್ಯತ್ಯಾಸವೇ ಸುಣ್ಣ ಬಳಿಯುವವನ ಸಾಮಾಜಿಕ ಸ್ಥಾನವನ್ನೂ ಅವನಿಗೆ ಕೂಲಿ ಕೊಡುವ ರೀತಿಯನ್ನೂ ಬಹುಕಾಲ ನಿರ್ಧರಿಸಿತು.

ವರ್ಷದ ಸುಣ್ಣ, ರೂಢಿಯ ಋಣ

ಸುಣ್ಣದ ಪದರ ಮಳೆಗೆ ಸವೆಯುತ್ತದೆ. ಆದ್ದರಿಂದ ಅದನ್ನು ವರ್ಷಕ್ಕೊಮ್ಮೆಯಾದರೂ ಹೊಸದಾಗಿ ಬಳಿಯಬೇಕು. ಈ ಅನಿವಾರ್ಯವು ಹಬ್ಬಗಳ ಪಂಚಾಂಗದೊಡನೆ ಹೊಂದಿಕೊಂಡಿತು. ಹಿಂದೂ ಮನೆಗಳಲ್ಲಿ ದಸರೆ, ದೀಪಾವಳಿ, ಸಂಕ್ರಾಂತಿ, ಯುಗಾದಿಗಳಿಗೆ, ಮುಸ್ಲಿಮರ ಮನೆಗಳಲ್ಲಿ ರಂಜಾನಿಗೆ, ಎರಡೂ ಕಡೆ ಮದುವೆಗಳಿಗೆ ಗೋಡೆ ಬಿಳುಪಾಗುತ್ತಿತ್ತು. ಉರ್ದು ಮಾತಾಡುವವರು ಇದನ್ನು ‘ಸಫೇದಿ’ ಎಂದರೆ, ತೆಲುಗು ಮತ್ತು ಕನ್ನಡ ಮಾತಾಡುವವರು ಸುಣ್ಣ ಎಂದರು. ತೆಲಂಗಾಣದ ಮನೆಗಳಲ್ಲಿ ಗೋಡೆಯ ಕೆಳಭಾಗಕ್ಕೂ ಹೊಸ್ತಿಲ ಸುತ್ತಲಿಗೂ ಜಾಜು, ಅಂದರೆ ಕೆಮ್ಮಣ್ಣಿನ ಬಣ್ಣ, ಬಳಿದು ಅದರ ಮೇಲೆ ಸುಣ್ಣದ ಗೆರೆ ಎಳೆಯುವ ರೂಢಿಯಿತ್ತು. ಕಲಬುರಗಿ, ಬೀದರ್, ರಾಯಚೂರು ಸೀಮೆಯ ಕನ್ನಡ ಮನೆಗಳಿಗೂ ಇದು ಹೊಸದಲ್ಲ. ಸುಣ್ಣದ ಕ್ಷಾರವನ್ನು ತಡೆದು ನಿಲ್ಲುವ ಬಣ್ಣಗಳು ಕೆಲವೇ ಆಗಿದ್ದವು: ಕೆಮ್ಮಣ್ಣು, ಹಳದಿ ಮಣ್ಣು, ಬಿಳುಪನ್ನು ಎತ್ತಿ ತೋರಿಸಲು ಚಿಟಿಕೆ ನೀಲಿ. ಹಳೆಯ ಓಣಿಗಳ ಗೋಡೆಗಳು ಒಂದೇ ಬಗೆಯ ತಿಳಿವರ್ಣಗಳಲ್ಲಿ ಇದ್ದದ್ದಕ್ಕೆ ಜನರ ಅಭಿರುಚಿಯಷ್ಟೇ ಈ ರಾಸಾಯನಿಕ ಮಿತಿಯೂ ಕಾರಣ.

ಸಣ್ಣ ಮನೆಗಳಲ್ಲಿ ಈ ಕೆಲಸವನ್ನು ಮನೆಯವರೇ, ಅದರಲ್ಲೂ ಹೆಂಗಸರು ಮಾಡಿಕೊಳ್ಳುತ್ತಿದ್ದರು. ಅಮೀರರ ‘ದೇವಡಿ’ಗಳು, ಅಂದರೆ ಹಲವು ಅಂಗಳಗಳ ಸುತ್ತ ಹರಡಿದ ಮಹಲುಗಳು, ಇಂಥ ಕೆಲಸಕ್ಕೆ ನಿಗದಿಯಾದ ಆಳುಗಳನ್ನೂ ಕುಶಲಕರ್ಮಿಗಳನ್ನೂ ತಮ್ಮ ಆಶ್ರಯದಲ್ಲಿ ಇಟ್ಟುಕೊಂಡಿದ್ದವು. ಇವೆರಡರ ನಡುವಿನ ಮನೆಗಳಿಗೆ ಹಬ್ಬಕ್ಕೆ ಮುಂಚೆ ಗೊತ್ತಿನ ಸುಣ್ಣದವನು ಬರುತ್ತಿದ್ದ; ಕೂಲಿಯ ಜೊತೆಗೆ ಊಟ, ಬಟ್ಟೆ, ಹಬ್ಬದ ಇನಾಮು ಸೇರುತ್ತಿದ್ದವು. ಈ ಸಂಬಂಧದಲ್ಲಿ ಕರಾರಿನ ಕಾಗದಕ್ಕೆ ಎಡೆಯಿರಲಿಲ್ಲ, ಏಕೆಂದರೆ ಅದರ ಅಗತ್ಯವೇ ಇರಲಿಲ್ಲ: ವಸ್ತು ಅಗ್ಗವಾಗಿತ್ತು, ಕಲಬೆರಕೆ ಕಣ್ಣಿಗೇ ಕಾಣುತ್ತಿತ್ತು, ಕೆಲಸ ಕೆಟ್ಟರೆ ಮುಂದಿನ ವರ್ಷ ಅದೇ ಮನುಷ್ಯ ಅದೇ ಬಾಗಿಲಿಗೆ ಬಂದು ನಿಲ್ಲಬೇಕಾಗಿತ್ತು. ಆದರೆ ಈ ರೂಢಿಯನ್ನು ಸುವರ್ಣಯುಗವೆಂದು ಹೊಗಳುವುದು ತಪ್ಪಾಗುತ್ತದೆ. ಹುಟ್ಟಿನಿಂದ ಬಂದ ಕಸುಬಿಗೆ ಕಟ್ಟುಬಿದ್ದವನಿಗೆ ದರ ಕೇಳುವ ಸ್ವಾತಂತ್ರ್ಯವಿರಲಿಲ್ಲ. ಇನಾಮು ಹಕ್ಕಾಗಿರದೆ ಕೊಡುವವರ ಮನಸ್ಸಿಗೆ ಬಿಟ್ಟ ಅನುಗ್ರಹವಾಗಿತ್ತು.

ಅಳತೆಯ ಪುಸ್ತಕ

ಕೆಲಸವನ್ನು ಒಟ್ಟಾಗಿ ಒಬ್ಬನಿಗೆ ವಹಿಸಿಕೊಡುವ ‘ಗುತ್ತೆ’ಯ ಪದ್ಧತಿ ನಿಜಾಮರ ರಾಜ್ಯಕ್ಕೆ ಹಳೆಯದೇ. ಮೊದಲು ಅದು ಭೂಕಂದಾಯಕ್ಕೆ ಅನ್ವಯವಾಗುತ್ತಿತ್ತು: ನಿಗದಿಯಾದ ಹಣವನ್ನು ಸರ್ಕಾರಕ್ಕೆ ಕಟ್ಟಲು ಒಪ್ಪಿದವನು ಪ್ರಜೆಗಳಿಂದ ಕಂದಾಯವನ್ನು ತಾನೇ ವಸೂಲು ಮಾಡಿಕೊಳ್ಳುತ್ತಿದ್ದ. 1853ರಲ್ಲಿ ದಿವಾನನಾದ ಮೊದಲನೆಯ ಸಾಲಾರ್ ಜಂಗ್ ಕಂದಾಯದ ಗುತ್ತೆಯನ್ನು ಕೈಬಿಟ್ಟು ಸರ್ಕಾರಿ ಅಧಿಕಾರಿಗಳ ಮೂಲಕ ವಸೂಲಿಯ ವ್ಯವಸ್ಥೆ ತಂದನು. ಆದರೆ ಅಬಕಾರಿಯಂಥ ಬಾಬುಗಳಲ್ಲಿ ಗುತ್ತೆ ಮುಂದುವರಿಯಿತು. ಕಲಬುರಗಿ ಸೀಮೆಯಲ್ಲಿ ಇಂದಿಗೂ ಮನೆತನದ ಹೆಸರಾಗಿ ಉಳಿದಿರುವ ‘ಗುತ್ತೇದಾರ’ ಆ ಕಾಲದ ನೆನಪನ್ನು ಹೊತ್ತಿದೆ. ಸಾಲಾರ್ ಜಂಗನ ಆಡಳಿತದಲ್ಲಿಯೇ ರೂಪುಗೊಂಡ ಲೋಕೋಪಯೋಗಿ ಇಲಾಖೆಯು ಬ್ರಿಟಿಷ್ ಇಂಡಿಯಾದ ಮಾದರಿಯ ಲೆಕ್ಕಪತ್ರಗಳನ್ನು ಅಳವಡಿಸಿಕೊಂಡಿತು, ಮತ್ತು ಗೋಡೆಗೆ ಸುಣ್ಣ ಬಳಿಯುವ ಕೆಲಸ ಮೊದಲ ಬಾರಿಗೆ ಅಳತೆಗೆ ಸಿಕ್ಕಿತು.

ಇದರಿಂದ ಆದ ಬದಲಾವಣೆ ದೊಡ್ಡದು. ಸರ್ಕಾರಿ ಕಟ್ಟಡದ ಸುಣ್ಣಕ್ಕೆ ಟೆಂಡರು ಕರೆಯಲಾಗುತ್ತಿತ್ತು. ಟೆಂಡರು ಹಾಕುವವನು ಠೇವಣಿ ಇಡಬೇಕಿತ್ತು. ನೂರು ಚದರ ಅಡಿಗೆ ಇಷ್ಟೆಂದು ದರಪಟ್ಟಿಯಿತ್ತು. ಮುಗಿದ ಕೆಲಸವನ್ನು ಎಂಜಿನಿಯರು ಅಳೆದು ‘ಅಳತೆ ಪುಸ್ತಕ’ದಲ್ಲಿ ಬರೆದ ಮೇಲೆಯೇ ಬಿಲ್ಲು ಪಾವತಿಯಾಗುತ್ತಿತ್ತು. ಕುಂಚವನ್ನು ಆಡಿಸುವ ಕ್ರಮವೂ ನಿಯಮವಾಯಿತು: ಮೊದಲು ಮೇಲಿನಿಂದ ಕೆಳಕ್ಕೆ, ಅದರ ಮೇಲೆ ಕೆಳಗಿನಿಂದ ಮೇಲಕ್ಕೆ, ಅದು ಒಣಗುವ ಮುನ್ನ ಎಡಬಲಕ್ಕೆ, ಹೊಸ ಗೋಡೆಗೆ ಮೂರು ಕೋಟು, ಹಳೆಯದಕ್ಕೆ ಒಂದೋ ಎರಡೋ. ಅಲ್ಲಿಯವರೆಗೆ ಕಸುಬುದಾರನ ಕೈಯಲ್ಲಿದ್ದ ತಿಳಿವಳಿಕೆ ಹೀಗೆ ಇಲಾಖೆಯ ಕಾಗದಕ್ಕೆ ಇಳಿಯಿತು. ಸ್ವಾತಂತ್ರ್ಯಾನಂತರ ಇದೇ ಪರಂಪರೆ ಭಾರತೀಯ ಮಾನಕ 1200ರ ಹದಿಮೂರನೆಯ ಭಾಗವಾಗಿ ಮುಂದುವರಿಯಿತು. ಕಿಟಕಿ ಬಾಗಿಲುಗಳ ತೆರಪನ್ನು ಹೇಗೆ ಲೆಕ್ಕ ಹಿಡಿಯಬೇಕೆಂಬುದನ್ನು ಅದು ಸ್ಪಷ್ಟಪಡಿಸುತ್ತದೆ: ಅರ್ಧ ಚದರ ಮೀಟರಿನವರೆಗಿನ ತೆರಪಿಗೆ ಕಡಿತವಿಲ್ಲ, ಅರ್ಧದಿಂದ ಮೂರು ಚದರ ಮೀಟರಿನವರೆಗೆ, ಗೋಡೆಯ ಎರಡು ಮೈಗೂ ಒಂದೇ ಬಗೆಯ ಲೇಪವಿದ್ದರೆ ಒಂದು ಮೈಗೆ ಮಾತ್ರ ಕಡಿತ, ಅದಕ್ಕಿಂತ ದೊಡ್ಡದಾದರೆ ಎರಡೂ ಮೈಗೆ ಕಡಿತ ಮಾಡಿ, ತೆರಪಿನ ಒಳಬದಿಗಳ ಅಳತೆಯನ್ನು ಸೇರಿಸಬೇಕು. ತೆರಪನ್ನು ಕಳೆದಾಗ ಉಳಿಯುವ ಗೋಡೆಗಿಂತ ಅದರ ಅಂಚುಗಳನ್ನು ತೀಡುವ ಶ್ರಮ ಕೆಲವೊಮ್ಮೆ ಹೆಚ್ಚೆಂಬ ಅನುಭವ ಈ ನಿಯಮದ ಹಿಂದಿದೆ.

ಈ ವ್ಯವಸ್ಥೆ ಅರಮನೆ ಮತ್ತು ಕಚೇರಿಗಳಿಂದ ವಸತಿಗಳ ಕಡೆಗೆ ಸರಿದದ್ದು ಎರಡು ವಿಪತ್ತುಗಳ ಬಳಿಕ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹರಿದು ಸಾವಿರಾರು ಜನ ಸತ್ತರು, ಸಾವಿರಾರು ಮನೆಗಳು ಕುಸಿದವು. ಮರುವರ್ಷ ನಿಜಾಮರ ಆಹ್ವಾನದ ಮೇರೆಗೆ ಬಂದ ಎಂ. ವಿಶ್ವೇಶ್ವರಯ್ಯನವರು ಪ್ರವಾಹ ತಡೆಯಲು ನದಿಯ ಮೇಲ್ಗಡೆ ಜಲಾಶಯಗಳನ್ನು ಕಟ್ಟುವಂತೆ ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಸಲಹೆಯ ಫಲ. ಪ್ರವಾಹದ ಬೆನ್ನಿಗೇ ಪ್ಲೇಗು ಬಂತು. ಸುಣ್ಣದ ತೀವ್ರ ಕ್ಷಾರ ಕ್ರಿಮಿನಾಶಕವಾದ್ದರಿಂದ ಆ ಕಾಲದ ಆರೋಗ್ಯಾಧಿಕಾರಿಗಳು ಗೋಡೆಗೆ ಸುಣ್ಣ ಬಳಿಸುವುದನ್ನು ಅಲಂಕಾರವೆಂದಲ್ಲದೆ ರೋಗನಿಯಂತ್ರಣದ ಕ್ರಮವೆಂದೂ ಕಂಡರು. 1912ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ಮಂಡಲಿಯು ಕೊಳಕು ಕೇರಿಗಳನ್ನು ತೆರವುಗೊಳಿಸಿ, ರಸ್ತೆ ಅಗಲಗೊಳಿಸಿ, ಬಾಡಿಗೆಗೆ ಕೊಡುವ ಮನೆಗಳನ್ನು ಸಾಲುಸಾಲಾಗಿ ಕಟ್ಟಿಸಿತು. ಒಂದೇ ನಕ್ಷೆಯ ಹಲವಾರು ಮನೆಗಳಿಗೆ ಒಮ್ಮೆಗೇ ಸುಣ್ಣ ಬಳಿಯಬೇಕಾದಾಗ ಗೊತ್ತಿನ ಸುಣ್ಣದವನು ಸಾಲದೆ, ಆಳುಗಳನ್ನು ಕೂಡಿಸಿ ತರಬಲ್ಲ, ಬಂಡವಾಳ ಹೂಡಬಲ್ಲ ಮೇಸ್ತ್ರಿ ಬೇಕಾದನು. ನಗರದ ಬಣ್ಣದ ಗುತ್ತಿಗೆದಾರನ ಪೂರ್ವಜ ಈ ಮೇಸ್ತ್ರಿಯೇ.

ಸಿಮೆಂಟು ಮತ್ತು ಡಬ್ಬಿಯ ಬಣ್ಣ

ಸುಣ್ಣವನ್ನು ಹಿಂದೆ ಸರಿಸಿದ ವಸ್ತು ಬಂದದ್ದು ಇಂದಿನ ಕರ್ನಾಟಕದ ನೆಲದಿಂದ. ಕಲಬುರಗಿ ಜಿಲ್ಲೆಯ ಶಹಾಬಾದಿನ ಹಾಸುಗಲ್ಲು ಹೈದರಾಬಾದಿನ ನೆಲಗಳಿಗೆ ಹಿಂದಿನಿಂದಲೂ ಹೋಗುತ್ತಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುಮಾರ್ಗ ತೆರೆದ ಮೇಲೆ ಸಾಗಾಟ ಸುಲಭವಾಯಿತು. ಅದೇ ಸುಣ್ಣಕಲ್ಲಿನ ಸೀಮೆಯಲ್ಲಿ ಸಿಮೆಂಟು ಕಾರ್ಖಾನೆ ತಲೆಯೆತ್ತಿತು. ಶಹಾಬಾದಿನ ಕಂಪನಿಯು 1936ರಲ್ಲಿ ಹಲವು ಕಂಪನಿಗಳು ಕೂಡಿ ಆದ ಎ.ಸಿ.ಸಿ.ಯ ಭಾಗವಾಯಿತು. ಸಿಮೆಂಟಿನ ಗಿಲಾಯಿ ಬೇಗ ಗಟ್ಟಿಯಾಗುತ್ತದೆ, ನೋಡಲು ನುಣುಪಾಗಿರುತ್ತದೆ. ಆದರೆ ಗಾರೆಯಂತೆ ತೇವವನ್ನು ಒಳಗೂ ಹೊರಗೂ ಸರಾಗವಾಗಿ ಬಿಡುವುದಿಲ್ಲ, ಮತ್ತು ಆ ನುಣುಪಾದ ಮೈಮೇಲೆ ಸುಣ್ಣ ಸರಿಯಾಗಿ ಹಿಡಿಯುವುದಿಲ್ಲ. ಹೀಗೆ ಹೊಸ ಗೋಡೆ ಹೊಸ ಬಣ್ಣವನ್ನು ಕೇಳಿತು.

ಆ ಬಣ್ಣವನ್ನು ಮಧ್ಯಮ ವರ್ಗದ ಮನೆಗೆ ತಲುಪಿಸಿದವು ದೇಶದ ಕಾರ್ಖಾನೆಗಳು. 1942ರಲ್ಲಿ ಮುಂಬಯಿಯಲ್ಲಿ ನಾಲ್ವರು ಸ್ನೇಹಿತರು ಆರಂಭಿಸಿದ ಏಷ್ಯನ್ ಪೇಂಟ್ಸ್ ಕಂಪನಿಯು ಸುಣ್ಣಕ್ಕಿಂತ ದುಬಾರಿಯೂ ಎಣ್ಣೆಬಣ್ಣಕ್ಕಿಂತ ಅಗ್ಗವೂ ಆದ ಡಿಸ್ಟೆಂಪರನ್ನು, ಅಂದರೆ ಸೀಮೆಸುಣ್ಣದ ಪುಡಿ, ಬಣ್ಣ ಮತ್ತು ಅಂಟು ಕೂಡಿದ ಲೇಪವನ್ನು, ‘ಟ್ರ್ಯಾಕ್ಟರ್’ ಹೆಸರಿನಲ್ಲಿ ಮನೆಮಾತಾಗಿಸಿತು, ಮೈಸೂರಿನ ಆರ್.ಕೆ. ಲಕ್ಷ್ಮಣ್ 1954ರಲ್ಲಿ ಆ ಕಂಪನಿಗಾಗಿ ಕುಂಚ ಹಿಡಿದ ಹುಡುಗ ‘ಗಟ್ಟು’ವನ್ನು ಚಿತ್ರಿಸಿದರು. 1985ರಲ್ಲಿ ಅದೇ ಕಂಪನಿಯ ಕಾರ್ಖಾನೆ ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿನಲ್ಲಿ ಆರಂಭವಾಯಿತು. ಡಿಸ್ಟೆಂಪರಿನ ಬಳಿಕ ನೀರು ಬೆರೆಸಿ ತೆಳುಮಾಡಿ ಬಳಿಯುವ, ಒಣಗಿದ ಮೇಲೆ ಪ್ಲಾಸ್ಟಿಕ್ಕಿನಂಥ ತೆಳುಪದರವಾಗುವ ಎಮಲ್ಷನ್ ಬಂದಿತು.

ಈ ಬದಲಾವಣೆಯ ಸಾಮಾಜಿಕ ಪರಿಣಾಮ ತಾಂತ್ರಿಕ ಪರಿಣಾಮಕ್ಕಿಂತ ಆಳವಾದದ್ದು. ಒಮ್ಮೆ ಬಳಿದ ಬಣ್ಣ ಐದಾರು ವರ್ಷ ನಿಲ್ಲುವಂತಾದಾಗ ಬಣ್ಣದವನು ವರ್ಷವರ್ಷ ಬರುವುದು ನಿಂತಿತು. ಮುಂದಿನ ಬಾರಿ ಬರುವ ವೇಳೆಗೆ ಮನೆಯವರೋ ಅವನೋ ಬೇರೆ ಕಡೆ ಹೋಗಿರುತ್ತಿದ್ದರು. ಮತ್ತೆ ಬಾಗಿಲಿಗೆ ಬರಬೇಕೆಂಬ ನಿರ್ಬಂಧವೇ ಹಿಂದೆ ಕೆಲಸದ ಖಾತರಿಯಾಗಿತ್ತು. ಅದು ಕಳಚಿದೊಡನೆ ಖಾತರಿಯನ್ನು ಕಾಗದದಲ್ಲಿ ಹುಡುಕಬೇಕಾಯಿತು. ಕೆಲಸದ ಪದರಗಳೂ ಹೆಚ್ಚಿದವು: ಹಳೆಯ ಬಣ್ಣ ಕೆರೆದು ತೆಗೆಯುವುದು, ಹೈದರಾಬಾದಿನವರು ‘ಲಪ್ಪಂ’ ಎನ್ನುವ ಪುಟ್ಟಿಯನ್ನು ಎರಡು ಸಲ ಎಳೆದು ಗೋಡೆಯ ತಗ್ಗುಗಳನ್ನು ಮುಚ್ಚುವುದು, ಉಜ್ಜುಕಾಗದದಿಂದ ತಿಕ್ಕುವುದು, ಪ್ರೈಮರ್, ಕೊನೆಗೆ ಎರಡು ಕೋಟು ಬಣ್ಣ. ಕೊನೆಯ ಕೋಟು ಬಿದ್ದ ಮೇಲೆ ಒಳಗಿನ ಪದರಗಳು ಕಾಣುವುದಿಲ್ಲವಾದ್ದರಿಂದ ಲಪ್ಪಂ ಒಂದೇ ಸಲ ಎಳೆದರೂ ಪ್ರೈಮರನ್ನು ಬಿಟ್ಟರೂ ಮನೆಯವರಿಗೆ ತಿಳಿಯುವುದು ಎರಡು ಮಳೆಗಾಲ ಕಳೆದ ಮೇಲೆಯೇ. ಬಣ್ಣದ ಕಂಪನಿಗಳು ಡಬ್ಬಿಯೊಳಗೆ ಪೇಂಟರನಿಗೆಂದು ಟೋಕನ್ ಇಡುವ ಪದ್ಧತಿಯನ್ನೂ ತಂದವು. ಅದನ್ನು ಕೊಟ್ಟು ಅವನು ಹಣ ಪಡೆಯಬಹುದಿತ್ತು. ಇದರಿಂದ ಪೇಂಟರನ ಸಲಹೆಯ ಮೇಲೆ ಮನೆಯವರ ಹಿತದ ಜೊತೆಗೆ ಕಂಪನಿಯ ಹಿತವೂ ಕೆಲಸ ಮಾಡತೊಡಗಿತು.

ಆರೋಗ್ಯದ ಮಾತೂ ಇಲ್ಲಿ ಸೇರುತ್ತದೆ. ಬಿಳಿ ಸೀಸದ ಬಣ್ಣ ಬಳಿಯುವವರನ್ನೇ ವಿಷವಾಗಿ ಕಾಡುತ್ತದೆಂಬುದನ್ನು ಅರಿತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1921ರಷ್ಟು ಹಿಂದೆಯೇ ಕಟ್ಟಡಗಳ ಒಳಮೈಗೆ ಅದರ ಬಳಕೆಯನ್ನು ನಿರ್ಬಂಧಿಸುವ ಒಪ್ಪಂದವನ್ನು ಅಂಗೀಕರಿಸಿತು. ಭಾರತದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಗೊಳಿಸಿದ ನಿಯಮ ಬಂದದ್ದು 2016ರಲ್ಲಿ. ಅದಕ್ಕೆ ಮುಂಚಿನ ದಶಕಗಳ ಬಣ್ಣ ಹಳೆಯ ಬಾಗಿಲು, ಸರಳು, ಗೋಡೆಗಳ ಮೇಲೆ ಇನ್ನೂ ಉಳಿದಿರಬಹುದಾದ್ದರಿಂದ, ಅದನ್ನು ಒಣಗಿದಂತೆಯೇ ತಿಕ್ಕಿ ಧೂಳೆಬ್ಬಿಸುವ ಕೆಲಸ ಇಂದಿಗೂ ಅಪಾಯಕಾರಿ.

ಅಡ್ಡಾ ಮತ್ತು ಅಪಾರ್ಟ್‌ಮೆಂಟು

ನಗರ ಉತ್ತರಕ್ಕೂ ಪಶ್ಚಿಮಕ್ಕೂ ಬೆಳೆದು, ಕೂಕಟ್‌ಪಲ್ಲಿಯಂಥ ಕಡೆಗಳಲ್ಲಿ ಹೌಸಿಂಗ್ ಬೋರ್ಡಿನ ಬಡಾವಣೆಗಳು ಎದ್ದು, 1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯೊಂದಿಗೆ ಮಾದಾಪುರದ ಸುತ್ತ ಬಹುಮಹಡಿ ವಸತಿಗಳ ಕಾಲ ಆರಂಭವಾದ ಮೇಲೆ ಬಣ್ಣದ ಕೆಲಸಕ್ಕೆ ಬೇಕಾದ ಆಳುಗಳ ಸಂಖ್ಯೆ ಹಳೆಯ ಕಸುಬುದಾರರ ಮಿತಿಯನ್ನು ಮೀರಿತು. ಬೆಳಗಿನ ಹೊತ್ತು ಕೂಲಿಯಾಳುಗಳು ಕೆಲಸ ಕಾದು ನಿಲ್ಲುವ ‘ಅಡ್ಡಾ’ಗಳು ನಗರದ ಕೂಡುರಸ್ತೆಗಳಲ್ಲಿ ನೆಲೆಗೊಂಡವು. ವಲಸೆಗೆ ಹೆಸರಾದ ಪಾಲಮೂರಿನಿಂದ, ಅಂದರೆ ಮಹಬೂಬ್‌ನಗರ ಜಿಲ್ಲೆಯಿಂದ, ಹಾಗೂ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಜಿಲ್ಲೆಗಳಿಂದ ಬಂದವರ ಜೊತೆಗೆ ಒಡಿಶಾ, ಬಿಹಾರ, ಪಶ್ಚಿಮ ಬಂಗಾಳದವರೂ ಈ ಕೆಲಸಕ್ಕೆ ಸೇರಿದರು. 1956ರವರೆಗೆ ಒಂದೇ ರಾಜ್ಯವಾಗಿದ್ದ ಹಳೆಯ ಹೈದರಾಬಾದಿನ ಕನ್ನಡ ಜಿಲ್ಲೆಗಳಿಗೆ ಆ ನಗರ ರಾಜಧಾನಿಯಾಗಿ ಉಳಿಯದಿದ್ದರೂ ದುಡಿಮೆಯ ಊರಾಗಿ ಉಳಿದಿದೆ.

ಗುತ್ತಿಗೆ ಎರಡು ರೂಪ ತಾಳಿತು. ಮನೆಯವರೇ ಬಣ್ಣ ತಂದುಕೊಟ್ಟು ಕೂಲಿಗಷ್ಟೇ ದರ ಮಾತಾಡುವುದು ‘ಲೇಬರ್ ಕಾಂಟ್ರಾಕ್ಟ್’. ಬಣ್ಣ, ಲಪ್ಪಂ, ಸಾರುವೆ ಎಲ್ಲವನ್ನೂ ಗುತ್ತಿಗೆದಾರನೇ ಹೊರುವುದು ‘ಮಟೀರಿಯಲ್ ಸಮೇತ’. ಮೊದಲನೆಯದರಲ್ಲಿ ಬಣ್ಣ ವ್ಯರ್ಥವಾದರೆ ನಷ್ಟ ಮನೆಯವರದು; ಎರಡನೆಯದರಲ್ಲಿ ಪದರ ಕಡಿಮೆ ಮಾಡುವ ಆಸೆ ಗುತ್ತಿಗೆದಾರನದು. ಅಳತೆಯಲ್ಲಿಯೂ ಇಲಾಖೆಯ ಶಿಸ್ತು ಖಾಸಗಿ ಮನೆಗಳಿಗೆ ಅರ್ಧದಷ್ಟೇ ಇಳಿಯಿತು. ಗೋಡೆಯನ್ನು ಟೇಪು ಹಿಡಿದು ಅಳೆಯುವ ಬದಲು ನೆಲದ ವಿಸ್ತೀರ್ಣವನ್ನು ಮೂರರಿಂದ ಮೂರೂವರೆ ಪಟ್ಟು ಮಾಡಿ ಅಂದಾಜು ಕಟ್ಟುವುದು ಸಾಮಾನ್ಯವಾಯಿತು. ಕಿಟಕಿಯ ಕಡಿತವನ್ನು ಮೊದಲೇ ಮಾತಾಡದಿದ್ದರೆ ಕೊನೆಯ ಬಿಲ್ಲಿನಲ್ಲಿ ಜಗಳ ತಪ್ಪದು.

ಸರಪಳಿಯ ಕೊನೆಯಲ್ಲಿರುವವನ ಸ್ಥಿತಿ ಹೆಚ್ಚು ಗಂಭೀರವಾದದ್ದು. ಕೆಲಸ ವಹಿಸುವ ಕಂಪನಿಯಿಂದ ಗುತ್ತಿಗೆದಾರ, ಗುತ್ತಿಗೆದಾರನಿಂದ ಮೇಸ್ತ್ರಿ, ಮೇಸ್ತ್ರಿಯಿಂದ ಅಡ್ಡಾದ ಆಳು ಎಂದು ಕೆಲಸ ಇಳಿದಂತೆ ದರವೂ ಇಳಿಯುತ್ತದೆ. ಹಗ್ಗಕ್ಕೆ ಕಟ್ಟಿದ ‘ಜೂಲಾ’ದಲ್ಲಿ ಕುಳಿತು ಹತ್ತನೆಯ ಮಹಡಿಯ ಹೊರಗೋಡೆಗೆ ಬಣ್ಣ ಬಳಿಯುವವನ ಹೆಸರು ಯಾವ ಕರಾರಿನಲ್ಲಿಯೂ ಇರುವುದಿಲ್ಲ. ಕಟ್ಟಡ ಕಾರ್ಮಿಕರ ರಕ್ಷಣೆಗೆಂದು 1996ರಲ್ಲಿ ಬಂದ ಕೇಂದ್ರದ ಕಾಯಿದೆಯು ದುರಸ್ತಿ ಮತ್ತು ನಿರ್ವಹಣೆಯ ಕೆಲಸವನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿತಾದರೂ, ಹತ್ತು ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಯ ಕೆಲಸವನ್ನು ಹೊರಗಿಟ್ಟಿತು. ಬಿಡಿ ಮನೆಗಳ ಬಣ್ಣದ ಕೆಲಸ ಬಹುಪಾಲು ಬಿದ್ದದ್ದು ಈ ಹೊರಗಿಟ್ಟ ಭಾಗದಲ್ಲಿಯೇ.

ಮರಳಿ ಬಂದ ಸುಣ್ಣ

ಈ ನಡುವೆ ನಗರದ ಹಳೆಯ ಕಟ್ಟಡಗಳು ಬೇರೊಂದು ಪಾಠ ಕಲಿಸಿದವು. ಕುತುಬ್ ಷಾಹಿ ಗೋರಿಗಳ ಸಮುಚ್ಚಯದಲ್ಲಿ 2013ರಿಂದ ಆಗಾ ಖಾನ್ ಸಂಸ್ಕೃತಿ ಟ್ರಸ್ಟ್ ಕೈಗೊಂಡ ಸಂರಕ್ಷಣೆಯಲ್ಲಿ, ಇಪ್ಪತ್ತನೆಯ ಶತಮಾನದ ದುರಸ್ತಿಗಳಲ್ಲಿ ಮೆತ್ತಿದ್ದ ಸಿಮೆಂಟನ್ನು ಕಿತ್ತು ಸಾಂಪ್ರದಾಯಿಕ ಗಾರೆಯನ್ನು ಮತ್ತೆ ಬಳಿಯಲಾಯಿತು. ಸಾರ್ವಜನಿಕರಿಗೆ 2005ರಲ್ಲಿ ತೆರೆದ ಚೌಮಹಲ್ಲಾ ಅರಮನೆಯ ಪುನರುಜ್ಜೀವನವು 2010ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪುರಸ್ಕಾರ ಪಡೆಯಿತು. 2019ರ ಮೇ ತಿಂಗಳಲ್ಲಿ ಚಾರ್‌ಮಿನಾರಿನ ಒಂದು ಮಿನಾರಿನಿಂದ ಗಾರೆಯ ತುಂಡು ಕಳಚಿ ಬಿದ್ದಾಗ, ಸುಣ್ಣದ ಹದ ಬಲ್ಲವರು ಎಷ್ಟು ಅಗತ್ಯ ಎಂಬುದು ಮತ್ತೊಮ್ಮೆ ಮನವರಿಕೆಯಾಯಿತು. ಇಂಥ ಕೆಲಸಗಳಲ್ಲಿ ಬೆಲ್ಲ, ಅಳಲೆಕಾಯಿ, ಬಿಲ್ವದ ಬಳಕೆ ಬಲ್ಲ ಕೈಗಳಿಗೆ ಮತ್ತೆ ಬೆಲೆ ಬಂದಿದೆ.

ನಾಲ್ಕು ಶತಮಾನಗಳ ಈ ಹಾದಿಯನ್ನು ಒಟ್ಟಾಗಿ ನೋಡಿದರೆ, ರೂಢಿಯ ಕಾಲದಲ್ಲಿ ಕಸುಬುದಾರನ ತಿಳಿವಳಿಕೆಗೆ ಮನ್ನಣೆಯಿತ್ತು, ಅವನ ಹಕ್ಕಿಗೆ ಇರಲಿಲ್ಲ; ಇಲಾಖೆಯ ಕಾಲದಲ್ಲಿ ಅಳತೆಗೆ ನ್ಯಾಯ ಸಿಕ್ಕಿತು, ಆದರೆ ಆ ನ್ಯಾಯ ಸರ್ಕಾರಿ ಗೋಡೆಗಳ ಆಚೆಗೆ ಪೂರ್ತಿಯಾಗಿ ಹೋಗಲಿಲ್ಲ; ಕಂಪನಿಯ ಕಾಲದಲ್ಲಿ ಬಣ್ಣಕ್ಕೆ ಖಾತರಿ ಬಂತು, ಬಳಿಯುವವನ ಜೀವಕ್ಕೆ ಬರಲಿಲ್ಲ. ಆದ್ದರಿಂದ ಮನೆಗೆ ಬಣ್ಣ ಬಳಿಸುವ ಒಪ್ಪಂದ ಚಿಕ್ಕದಾದರೂ ಬರಹದಲ್ಲಿರಬೇಕೆಂಬುದು ಈ ಚರಿತ್ರೆಯಿಂದ ಹೊರಡುವ ನೇರ ತೀರ್ಮಾನ. ಗೋಡೆಯ ತೇವ ಮತ್ತು ಬಿರುಕುಗಳನ್ನು ಕೆಲಸಕ್ಕೆ ಮುನ್ನವೇ ಇಬ್ಬರೂ ನೋಡಿ ಗುರುತಿಸಿಕೊಳ್ಳುವುದು, ತೆರಪಿನ ಕಡಿತ ಸೇರಿದಂತೆ ಅಳತೆಯ ನಿಯಮವನ್ನು ಮೊದಲೇ ಒಪ್ಪುವುದು, ಲಪ್ಪಂ, ಪ್ರೈಮರ್, ಬಣ್ಣಗಳ ಕೋಟುಗಳನ್ನು ಎಣಿಸಿ ಬರೆಯುವುದು ಮತ್ತು ಒಂದೊಂದು ಪದರ ಮುಗಿದಾಗ ನೋಡಿ ಹಣ ಕೊಡುವುದು ಮನೆಯವರನ್ನೂ ಗುತ್ತಿಗೆದಾರನನ್ನೂ ಸಮಾನವಾಗಿ ಕಾಯುತ್ತದೆ. ಎತ್ತರದ ಕೆಲಸಕ್ಕೆ ಸುರಕ್ಷತಾ ಪಟ್ಟಿ, ಹಳೆಯ ಬಣ್ಣ ತಿಕ್ಕುವವರಿಗೆ ಮುಖವಾಡ ಮತ್ತು ನೀರು ಹಾಕಿ ತಿಕ್ಕುವ ಕ್ರಮ, ಅಪಘಾತವಾದರೆ ಹೊಣೆ ಯಾರದೆಂಬ ಮಾತು ಅದೇ ಕಾಗದದಲ್ಲಿ ಸೇರಬೇಕು; ಏಕೆಂದರೆ ಕಾನೂನು ಬಿಟ್ಟುಕೊಟ್ಟ ಜಾಗವನ್ನು ತುಂಬಬಲ್ಲವರು ಕೆಲಸ ಕೊಡುವ ಮನೆಯವರೇ ಆಗಿದ್ದಾರೆ.